ಧರ್ಮ ಮತ್ತು ಅಭಿವೃದ್ಧಿ ಕುರಿತ ವಿದ್ವತ್ಪತ್ರಿಕೆಗೆ ಲೇಖನ ಸಿದ್ಧಪಡಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಧರ್ಮ ಮತ್ತು ಅಭಿವೃದ್ಧಿಯ ನಂಟನ್ನು ಅಧ್ಯಯನ ಮಾಡುವ ಪತ್ರಿಕೆಗಳಿಗೆ ಬರುವ ಲೇಖನಗಳಲ್ಲಿ ಹಲವು, ಪರಿಶೀಲಕರ, ಅಂದರೆ ಪ್ರಕಟಣೆಗೆ ಮುನ್ನ ಲೇಖನವನ್ನು ಓದಿ ತೂಗುವ ವಿಷಯತಜ್ಞರ, ಕೈ ಸೇರುವ ಮೊದಲೇ ಸಂಪಾದಕರ ಬಳಿಯಿಂದ ಹಿಂದಿರುಗುತ್ತವೆ. ಹೊಸಬರು ಇದಕ್ಕೆಲ್ಲ ತಮ್ಮ ಭಾಷೆಯ ದೋಷವೇ ಕಾರಣವೆಂದುಕೊಂಡು ಹಣ ಕೊಟ್ಟು ಭಾಷೆ ತಿದ್ದಿಸಲು ಹೊರಡುತ್ತಾರೆ. ಪರಿಶೀಲಕನಾಗಿ ನಾನು ಓದಿದ ಹಸ್ತಪ್ರತಿಗಳ ಮಟ್ಟಿಗೆ ಹೇಳುವುದಾದರೆ, ಭಾಷೆ ಎರಡನೆಯ ಮಾತು. ಪತ್ರಿಕೆಯ ಹೆಸರಿನಲ್ಲಿರುವ ಎರಡು ಪದಗಳಲ್ಲಿ ಒಂದು ಲೇಖನದೊಳಗೆ ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಕುಳಿತಿರುವುದೇ ಮೊದಲನೆಯ ಕಾರಣ. ದೈವಶಾಸ್ತ್ರದ ಕಡೆಯಿಂದ ಬಂದವರು ಪವಿತ್ರಗ್ರಂಥದ ವ್ಯಾಖ್ಯಾನವನ್ನು ಇಪ್ಪತ್ತು ಪುಟ ಬರೆದು ಕೊನೆಯ ಪುಟದಲ್ಲಿ ಬಡತನವನ್ನು ನೆನೆಯುತ್ತಾರೆ; ಅರ್ಥಶಾಸ್ತ್ರದ ಕಡೆಯಿಂದ ಬಂದವರು ಸಮೀಕ್ಷೆಯ ಕೋಷ್ಟಕದಲ್ಲಿ ಧರ್ಮಕ್ಕೊಂದು ಕಾಲಂ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಕೆಳಗಿನ ಹಂತಗಳೆಲ್ಲ, ಕಡತಕ್ಕೆ ಹೆಸರಿಡುವಂಥ ಸಣ್ಣ ಕೆಲಸವೂ ಸೇರಿದಂತೆ, ಈ ಒಂದು ತೊಡಕನ್ನು ಬಿಡಿಸಿಕೊಳ್ಳುವುದಕ್ಕೆ ಒಂದಲ್ಲ ಒಂದು ರೀತಿಯಲ್ಲಿ ಸಂಬಂಧಿಸಿವೆ.

ಮೊದಲ ಹಂತ: ಬರೆಯುವ ಮುನ್ನ ಪತ್ರಿಕೆಯನ್ನು ಓದುವುದು

ಲೇಖನ ಮುಗಿದ ಮೇಲೆ ಪತ್ರಿಕೆ ಹುಡುಕುವುದು ನಮ್ಮಲ್ಲಿ ಹೆಚ್ಚಿನವರ ರೂಢಿ. ಈ ಕ್ಷೇತ್ರದಲ್ಲಿ ಅದು ತಿಂಗಳುಗಟ್ಟಲೆ ಶ್ರಮವನ್ನು ವ್ಯರ್ಥ ಮಾಡುತ್ತದೆ, ಏಕೆಂದರೆ ಒಂದೇ ಸಾಮಗ್ರಿಯನ್ನು ಧರ್ಮಾಧ್ಯಯನದ ಪತ್ರಿಕೆಗೆ, ಅಭಿವೃದ್ಧಿ ಅಧ್ಯಯನದ ಪತ್ರಿಕೆಗೆ ಮತ್ತು ಎರಡರ ನಡುವೆ ನಿಲ್ಲುವ ಪತ್ರಿಕೆಗೆ ಮೂರು ಬೇರೆ ಬೇರೆ ರೀತಿಯಲ್ಲಿ ಬರೆಯಬೇಕಾಗುತ್ತದೆ. ಪತ್ರಿಕೆಯ ಉದ್ದೇಶ ಮತ್ತು ವ್ಯಾಪ್ತಿಯ ಹೇಳಿಕೆಯನ್ನು ಓದಿರಿ; ಆದರೆ ಅದಕ್ಕಿಂತ ಹೆಚ್ಚಾಗಿ ಕಳೆದ ಎರಡು ವರ್ಷಗಳ ಸಂಚಿಕೆಗಳ ಮೇಲೆ ಕಣ್ಣು ಹಾಯಿಸಿರಿ. ಅಲ್ಲಿ ಪ್ರಕಟವಾದ ನಾಲ್ಕಾರು ಲೇಖನಗಳ ಮೊದಲ ಎರಡು ಪುಟಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೆ, ಸಂಪಾದಕರು ಯಾವ ಬಗೆಯ ಪ್ರಶ್ನೆಗೆ ಮಣೆ ಹಾಕುತ್ತಾರೆ ಎಂಬುದು ನಿಯಮಾವಳಿ ಓದಿದ್ದಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಪತ್ರಿಕೆ ಯಾವ ಪ್ರಕಾರದ ಬರಹಗಳನ್ನು ತೆಗೆದುಕೊಳ್ಳುತ್ತದೆ ಎಂಬುದನ್ನೂ ಇದೇ ಹಂತದಲ್ಲಿ ನೋಡಬೇಕು. ಪೂರ್ಣಪ್ರಮಾಣದ ಸಂಶೋಧನಾ ಲೇಖನ ಸಾಮಾನ್ಯವಾಗಿ 6000ದಿಂದ 9000 ಪದಗಳಷ್ಟಿರುತ್ತದೆ. ಕ್ಷೇತ್ರದಲ್ಲಿ ದುಡಿಯುವವರ ಅನುಭವ ಬರಹ, ನೀತಿ ಕುರಿತ ಟಿಪ್ಪಣಿ, ಪುಸ್ತಕ ವಿಮರ್ಶೆ ಮುಂತಾದವುಗಳಿಗೆ ಪದಮಿತಿಯೂ ಪರಿಶೀಲನೆಯ ಬಗೆಯೂ ಬೇರೆಯಾಗಿರುತ್ತವೆ. ಸ್ವಯಂಸೇವಾ ಸಂಸ್ಥೆಯಲ್ಲಿ ಹತ್ತು ವರ್ಷ ಕೆಲಸ ಮಾಡಿದವರು ತಮ್ಮ ಅನುಭವವನ್ನು ಸಿದ್ಧಾಂತದ ಅಂಗಿ ತೊಡಿಸಿ ಸಂಶೋಧನಾ ಲೇಖನವೆಂದು ಕಳುಹಿಸಿ ಎಡವುವುದುಂಟು. ಅದೇ ಬರಹವನ್ನು ಅನುಭವ ಬರಹವಾಗಿ ಕಳುಹಿಸಿದ್ದರೆ ಅದಕ್ಕೆ ಆದರ ಸಿಗುತ್ತಿತ್ತು.

ಮೋಸದ ಪತ್ರಿಕೆಗಳ ವಿಷಯದಲ್ಲಿ ಎಚ್ಚರವಿರಲಿ. ಒಂದು ವಾರದೊಳಗೆ ಪರಿಶೀಲನೆ ಮುಗಿಸುವ ಭರವಸೆ, ಅತಿಯಾಗಿ ಹೊಗಳುವ ಆಹ್ವಾನದ ಇಮೇಲ್, ಶುಲ್ಕದ ವಿವರವನ್ನು ಸ್ವೀಕಾರದ ನಂತರವೇ ತಿಳಿಸುವ ಅಭ್ಯಾಸ, ಇವು ಕಂಡರೆ ದೂರವಿರುವುದು ಕ್ಷೇಮ. 2003ರಲ್ಲಿ ಆರಂಭವಾದ ಮುಕ್ತ ಪ್ರವೇಶ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ಪತ್ರಿಕೆಗಳ ನಿರ್ದೇಶಿಕೆ, ಅಂದರೆ ಡಿಒಎಜೆ, ತಾನು ಪಟ್ಟಿ ಮಾಡುವ ಪತ್ರಿಕೆಗಳನ್ನು ಪರಿಶೀಲಿಸಿಯೇ ಸೇರಿಸಿಕೊಳ್ಳುತ್ತದೆ. 1997ರಲ್ಲಿ ಸ್ಥಾಪನೆಯಾದ ಪ್ರಕಟಣಾ ನೀತಿ ಸಮಿತಿಯ, ಅಂದರೆ ಕೋಪ್‌ನ, ಸದಸ್ಯತ್ವ ತನಗಿದೆ ಎಂದು ಪತ್ರಿಕೆ ಹೇಳಿಕೊಂಡಿದ್ದರೆ ಅದನ್ನು ಕೋಪ್‌ನ ತಾಣದಲ್ಲಿಯೇ ಹೋಗಿ ಖಚಿತಪಡಿಸಿಕೊಳ್ಳಿರಿ. ಮುಕ್ತ ಪ್ರವೇಶದ ಪತ್ರಿಕೆಗಳಲ್ಲಿ ಕೆಲವು ಲೇಖಕರಿಂದ ಶುಲ್ಕ ಪಡೆಯುತ್ತವೆ. ಲೇಖಕರಿಗೂ ಓದುಗರಿಗೂ ಶುಲ್ಕವಿಲ್ಲದ, ಡೈಮಂಡ್ ಎಂದು ಕರೆಯುವ ಮಾದರಿಯವೂ ಇವೆ. ಆದ್ದರಿಂದ ಮುಕ್ತ ಪ್ರವೇಶವೆಂದರೆ ಹಣ ಕೊಟ್ಟು ಅಚ್ಚು ಮಾಡಿಸುವುದು ಎಂಬ ಹಗುರ ಮಾತನ್ನು ನಂಬಬೇಕಾಗಿಲ್ಲ.

ಎರಡನೆಯ ಹಂತ: ಪ್ರಶ್ನೆಯನ್ನು ಎರಡು ಪದಗಳ ಸಂಧಿಯಲ್ಲಿ ನಿಲ್ಲಿಸುವುದು

ಈ ಹಂತಕ್ಕೆ ಉಳಿದೆಲ್ಲವುಗಳಿಗಿಂತ ಹೆಚ್ಚು ಸಮಯ ಕೊಡಬೇಕು. ಈ ಅಧ್ಯಯನ ಕ್ಷೇತ್ರದ ಚರಿತ್ರೆಯನ್ನು ಸ್ವಲ್ಪ ತಿಳಿದವರಿಗೆ ಪ್ರಶ್ನೆ ಕೇಳುವುದು ಸುಲಭವಾಗುತ್ತದೆ. ಧಾರ್ಮಿಕ ನಂಬಿಕೆಗೂ ಆರ್ಥಿಕ ನಡವಳಿಕೆಗೂ ಇರುವ ಸಂಬಂಧವನ್ನು ಸಮಾಜಶಾಸ್ತ್ರಜ್ಞ ಮಾಕ್ಸ್ ವೆಬರ್ 1904–05ರಲ್ಲಿಯೇ ಪ್ರಾಟೆಸ್ಟಂಟ್ ನೀತಿಯ ಬಗ್ಗೆ ಬರೆದ ಪ್ರಬಂಧಗಳಲ್ಲಿ ಚರ್ಚಿಸಿದ್ದರು. ಆದರೂ ಎರಡನೆಯ ಮಹಾಯುದ್ಧದ ನಂತರ ಬೆಳೆದ ಅಭಿವೃದ್ಧಿ ಚಿಂತನೆಯು, ಸಮಾಜ ಆಧುನಿಕವಾದಂತೆ ಧರ್ಮ ಹಿಂದೆ ಸರಿಯುತ್ತದೆ ಎಂಬ ಊಹೆಯ ಮೇಲೆ ಬಹುಕಾಲ ನಡೆಯಿತು. 1998ರಲ್ಲಿ ವಿಶ್ವಬ್ಯಾಂಕಿನ ಅಧ್ಯಕ್ಷರಾಗಿದ್ದ ಜೇಮ್ಸ್ ವೋಲ್ಫೆನ್ಸನ್ ಮತ್ತು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಾರ್ಜ್ ಕ್ಯಾರಿ ಧಾರ್ಮಿಕ ನಾಯಕರನ್ನೂ ಅಭಿವೃದ್ಧಿ ಸಂಸ್ಥೆಗಳನ್ನೂ ಒಂದೆಡೆ ಕೂರಿಸುವ ಸಂವಾದವೊಂದಕ್ಕೆ ಚಾಲನೆ ಕೊಟ್ಟರು. 2000ದಲ್ಲಿ ಸಂಶೋಧಕ ಕರ್ಟ್ ಅಲನ್ ವೆರ್ ಬೀಕ್, ಅಧ್ಯಾತ್ಮವೆಂಬುದು ಅಭಿವೃದ್ಧಿ ಅಧ್ಯಯನದಲ್ಲಿ ಬಾಯಿಬಿಡಬಾರದ ವಿಷಯವಾಗಿ ಉಳಿದಿದೆ ಎಂದು ವಾದಿಸಿದರು. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಇದೇ ವಿಷಯದ ಮೇಲೆ ದೊಡ್ಡದೊಂದು ಸಂಶೋಧನಾ ಕಾರ್ಯಕ್ರಮ 2005ರಿಂದ ಕೆಲವು ವರ್ಷ ನಡೆಯಿತು.

ಇಷ್ಟು ಚರಿತ್ರೆಯನ್ನು ಹೇಳಿದ್ದಕ್ಕೆ ಕಾರಣವಿದೆ. ಧರ್ಮವನ್ನು ಅಭಿವೃದ್ಧಿ ಅಧ್ಯಯನ ಕಡೆಗಣಿಸಿದೆ ಎಂಬ ದೂರಿನಿಂದ ಆರಂಭವಾಗುವ ಹಸ್ತಪ್ರತಿಗಳು ಈಗಲೂ ಬರುತ್ತಲೇ ಇವೆ. ಆ ದೂರಿಗೆ ಇಪ್ಪತ್ತು ವರ್ಷಗಳ ಹಿಂದೆ ಬಲವಿತ್ತು. ಇಂದು ಅದು ಲೇಖಕರು ಇತ್ತೀಚಿನ ಬರಹಗಳನ್ನು ಓದಿಲ್ಲ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಈಗಿನ ಚರ್ಚೆ ಇರುವುದು ಬೇರೆಡೆ. ದಾನಿ ಸಂಸ್ಥೆಗಳು ಧಾರ್ಮಿಕ ಸಮುದಾಯಗಳನ್ನು ತಮ್ಮ ಗುರಿ ಮುಟ್ಟಿಸುವ ಸಾಧನವನ್ನಾಗಿ ಮಾತ್ರ ಕಾಣುತ್ತಿವೆಯೇ, ಅಭಿವೃದ್ಧಿಯ ಅರ್ಥವನ್ನು ಧಾರ್ಮಿಕ ಸಮುದಾಯಗಳು ತಾವೇ ಬೇರೆ ರೀತಿಯಲ್ಲಿ ಕಟ್ಟಿಕೊಳ್ಳುತ್ತಿವೆಯೇ, ಧಾರ್ಮಿಕ ಮತ್ತು ಲೌಕಿಕ ಎಂಬ ವಿಂಗಡಣೆಯೇ ಎಲ್ಲ ಸಮಾಜಗಳಿಗೂ ಹೊಂದುತ್ತದೆಯೇ ಎಂಬ ಪ್ರಶ್ನೆಗಳು ಅಲ್ಲಿ ಮುಂದಿವೆ. 2015ರಲ್ಲಿ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು ಒಪ್ಪಿಕೊಂಡ ಸುಸ್ಥಿರ ಅಭಿವೃದ್ಧಿ ಗುರಿಗಳು 17, ಅವುಗಳಡಿ ಬರುವ ಉಪಗುರಿಗಳು 169. ಉಪಗುರಿ 10.2ರಲ್ಲಿ ಧರ್ಮ ಎಂಬ ಪದ ಬರುವುದು, ವಯಸ್ಸು, ಲಿಂಗ, ಜನಾಂಗ ಮುಂತಾದವುಗಳ ಜೊತೆಗೆ, ಅದರ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂಬ ಪಟ್ಟಿಯಲ್ಲಿ. ಒಂದು ಲೇಖನದ ಪ್ರಶ್ನೆ ಹುಟ್ಟಲು ಅಷ್ಟು ವಿವರವೂ ಸಾಕು: ಧರ್ಮ ಅಲ್ಲಿ ವ್ಯಕ್ತಿಯ ಗುರುತಾಗಿ ಬರುತ್ತದೆ, ಕೆಲಸ ಮಾಡುವ ಸಮುದಾಯವಾಗಿ ಅಲ್ಲ.

ನಿಮ್ಮ ಪ್ರಶ್ನೆ ಸರಿಯಾದ ಜಾಗದಲ್ಲಿ ನಿಂತಿದೆಯೇ ಎಂದು ತಿಳಿಯಲು ನಾನು ಬಳಸುವ ಪರೀಕ್ಷೆ ಸರಳವಾದದ್ದು. ಲೇಖನದ ಮುಖ್ಯ ವಾದವನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ. ಅದರಿಂದ ಧರ್ಮಕ್ಕೆ ಸಂಬಂಧಿಸಿದ ಪದಗಳನ್ನು ಹೊಡೆದುಹಾಕಿ ಓದಿರಿ. ಆಮೇಲೆ ಅಭಿವೃದ್ಧಿಗೆ ಸಂಬಂಧಿಸಿದ ಪದಗಳನ್ನು ಹೊಡೆದುಹಾಕಿ ಓದಿರಿ. ಎರಡರಲ್ಲಿ ಯಾವುದಾದರೂ ಒಂದನ್ನು ತೆಗೆದ ಮೇಲೂ ವಾದ ಹಾಗೆಯೇ ನಿಂತಿದ್ದರೆ ಪ್ರಶ್ನೆಯನ್ನು ಮತ್ತೆ ಕಟ್ಟಬೇಕು.

ಈ ಮಾರ್ಗದರ್ಶಿಯ ಉದ್ದಕ್ಕೂ ಬಳಸಲು ಒಂದು ಕಾಲ್ಪನಿಕ ಅಧ್ಯಯನವನ್ನು ಇಟ್ಟುಕೊಳ್ಳೋಣ. ಪ್ರಾರ್ಥನಾ ಮಂದಿರವೊಂದರ ಸಮಿತಿಯು ಒಂದು ಊರಿಗೆ ಕುಡಿಯುವ ನೀರು ಪೂರೈಸುತ್ತಿದೆ, ಹೊರಗಿನ ದಾನಿ ಸಂಸ್ಥೆಯೊಂದು ಅದಕ್ಕೆ ಅನುದಾನ ಕೊಟ್ಟಿದೆ. ಶುಲ್ಕ ಕಟ್ಟಲಾಗದವರ ನಲ್ಲಿಯನ್ನು ಸಮಿತಿ ಮುಚ್ಚುವುದಿಲ್ಲ. ಸಮಿತಿಯ ಸ್ವಂತ ಲೆಕ್ಕದ ಪುಸ್ತಕದಲ್ಲಿ ಆ ಬಾಕಿ ದಾನವೆಂದು ದಾಖಲಾಗುತ್ತದೆ. ದಾನಿ ಸಂಸ್ಥೆಗೆ ಕಳುಹಿಸುವ ವರದಿಯಲ್ಲಿ ಅದೇ ಮೊತ್ತ ವಸೂಲಾಗದ ಬಾಕಿ ಎಂಬ ಶೀರ್ಷಿಕೆಯಡಿ ಬರುತ್ತದೆ. ಒಂದೇ ಮೊತ್ತಕ್ಕೆ ಎರಡು ಹೆಸರು. ನೀರು ಪೂರೈಕೆಯಲ್ಲಿ ಧಾರ್ಮಿಕ ಸಂಸ್ಥೆಯ ಪಾತ್ರ ಎಂಬ ವಿಶಾಲ ವಿಷಯಕ್ಕಿಂತ ಈ ಎರಡು ಹೆಸರುಗಳ ನಡುವಿನ ಅಂತರವೇ ಪತ್ರಿಕೆಗೆ ಬೇಕಾದ ಪ್ರಶ್ನೆ.

ಮೂರನೆಯ ಹಂತ: ಪರಿಭಾಷೆಯನ್ನು ತೂಗಿ ನೋಡುವುದು

ಕನ್ನಡದಲ್ಲಿ ಯೋಚಿಸಿ ಬೇರೆ ಭಾಷೆಯಲ್ಲಿ ಬರೆಯುವವರಿಗೆ ಇಲ್ಲೊಂದು ಅನುಕೂಲವಿದೆ, ಅದನ್ನು ನಾವು ಬಳಸಿಕೊಳ್ಳುವುದು ಕಡಿಮೆ. ಧರ್ಮ, ಮತ, ಪಂಥ, ಸಂಪ್ರದಾಯ, ಭಕ್ತಿ ಎಂಬ ಪದಗಳ ನಡುವಿನ ವ್ಯತ್ಯಾಸ ನಮ್ಮ ನಾಲಗೆಗೆ ಗೊತ್ತು. ಇಂಗ್ಲಿಷಿನ ರಿಲಿಜನ್ ಎಂಬ ಒಂದೇ ಪದದೊಳಗೆ ಅವೆಲ್ಲವನ್ನೂ ತುರುಕಿದಾಗ ಏನು ಕಳೆದುಹೋಗುತ್ತದೆ ಎಂಬುದನ್ನು ನಾವು ಬೇಗ ಗುರುತಿಸಬಲ್ಲೆವು. ಅಭಿವೃದ್ಧಿ ಎಂಬ ಪದವೂ ಹಾಗೆಯೇ. ಏಳಿಗೆ, ಪ್ರಗತಿ, ಉದ್ಧಾರ ಇವುಗಳಲ್ಲಿ ಯಾವುದನ್ನು ಜನ ಬಳಸಿದರು ಎಂಬುದು ಸಂದರ್ಶನದ ಅರ್ಥವನ್ನೇ ಬದಲಿಸೀತು. ಆದ್ದರಿಂದ ಅಧ್ಯಯನಕ್ಕೊಳಗಾದವರು ಬಳಸಿದ ಮೂಲಪದವನ್ನು ಲೇಖನದಲ್ಲಿ ಉಳಿಸಿಕೊಳ್ಳಿರಿ, ಮೊದಲ ಬಾರಿ ಬಂದಾಗ ಅರ್ಥವನ್ನು ಒಂದು ವಾಕ್ಯದಲ್ಲಿ ವಿವರಿಸಿರಿ, ನಂತರ ಅದನ್ನೇ ಬಳಸಿರಿ. ಲಿಪ್ಯಂತರಕ್ಕೆ ಪತ್ರಿಕೆ ಒಂದು ಪದ್ಧತಿಯನ್ನು ಸೂಚಿಸಿರುತ್ತದೆ. ಸೂಚಿಸದಿದ್ದರೆ ಭಾರತೀಯ ಲಿಪಿಗಳಿಗೆ 2001ರಲ್ಲಿ ಬಂದ ಐಎಸ್‌ಒ 15919ರಂಥ ಮಾನಕವೊಂದನ್ನು ಆರಿಸಿಕೊಂಡು, ಯಾವುದನ್ನು ಅನುಸರಿಸಿದ್ದೀರಿ ಎಂದು ಮೊದಲ ಟಿಪ್ಪಣಿಯಲ್ಲಿ ತಿಳಿಸಿರಿ. ಒಂದೇ ಪದ ಮೂರು ಪುಟಗಳಲ್ಲಿ ಮೂರು ಬಗೆಯ ಕಾಗುಣಿತದಲ್ಲಿ ಕಂಡರೆ ಪರಿಶೀಲಕರಿಗೆ ಉಳಿದ ವಿವರಗಳ ಮೇಲೂ ಅನುಮಾನ ಹುಟ್ಟುತ್ತದೆ.

ಧರ್ಮಾಧಾರಿತ ಸಂಸ್ಥೆ ಎಂಬ ಪಾರಿಭಾಷಿಕ ಪದವನ್ನು ಅದರ ಪಾಡಿಗೆ ಬಿಡಬೇಡಿ. ಆರಾಧನಾ ಸ್ಥಳದ ಸಮಿತಿ, ಧಾರ್ಮಿಕ ಪ್ರೇರಣೆಯಿಂದ ಹುಟ್ಟಿ ಈಗ ಎಲ್ಲರನ್ನೂ ನೇಮಿಸಿಕೊಳ್ಳುವ ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆ, ಧರ್ಮಪ್ರಸಾರವನ್ನೇ ಮುಖ್ಯವಾಗಿಟ್ಟುಕೊಂಡ ಸಂಘಟನೆ, ಇವೆಲ್ಲವೂ ಆ ಹೆಸರಿನಡಿ ಬರುತ್ತವೆ. ನಿಮ್ಮದು ಯಾವುದು ಎಂಬುದನ್ನು ಅದರ ನಿರ್ಧಾರಗಳನ್ನು ಯಾರು ಕೈಗೊಳ್ಳುತ್ತಾರೆ, ಹಣ ಎಲ್ಲಿಂದ ಬರುತ್ತದೆ, ಸೇವೆ ಯಾರಿಗೆ ಸಿಗುತ್ತದೆ ಎಂಬ ಮೂರು ಸಂಗತಿಗಳಿಂದ ವಿವರಿಸಿದರೆ ಸಾಕು. ಹಾಗೆಯೇ ಒಂದು ಧರ್ಮ ಹೀಗೆ ಹೇಳುತ್ತದೆ ಎಂಬ ವಾಕ್ಯವನ್ನು ಎಲ್ಲಿ ಕಂಡರೂ ಹೊಡೆದುಹಾಕಿರಿ. ಧರ್ಮ ಮಾತನಾಡುವುದಿಲ್ಲ, ಯಾವ ಗ್ರಂಥದ ಯಾವ ಭಾಗವನ್ನು, ಯಾರು, ಯಾವ ಸಂದರ್ಭದಲ್ಲಿ ಹಾಗೆ ಅರ್ಥೈಸಿದರು ಎಂದು ಬರೆಯಬೇಕು.

ನಾಲ್ಕನೆಯ ಹಂತ: ಆಧಾರ, ಒಪ್ಪಿಗೆ ಮತ್ತು ಲೇಖಕರ ನಿಲುವು

ಸಂಶೋಧನಾ ವಿಧಾನದ ಭಾಗವನ್ನು ಶಾಸ್ತ್ರಕ್ಕೆಂದು ಬರೆದು ಮುಗಿಸುವವರೇ ಹೆಚ್ಚು. ಎಷ್ಟು ಜನರನ್ನು, ಯಾವ ಅವಧಿಯಲ್ಲಿ, ಯಾವ ಭಾಷೆಯಲ್ಲಿ, ಯಾರ ಎದುರಿನಲ್ಲಿ ಸಂದರ್ಶಿಸಿದಿರಿ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಕೊನೆಯ ಅಂಶ ಈ ಕ್ಷೇತ್ರದಲ್ಲಿ ನಿರ್ಣಾಯಕವಾದದ್ದು. ಧಾರ್ಮಿಕ ಮುಖಂಡರು ಪಕ್ಕದಲ್ಲಿ ಕುಳಿತಿದ್ದಾಗ ಕೊಟ್ಟ ಉತ್ತರವೂ ಮನೆಯ ಜಗಲಿಯಲ್ಲಿ ಒಬ್ಬರೇ ಇದ್ದಾಗ ಕೊಟ್ಟ ಉತ್ತರವೂ ಒಂದೇ ತೂಕದವಲ್ಲ. ಕಾರಣ-ಪರಿಣಾಮದ ಮಾತು ಆಡುವಾಗಲೂ ಅಷ್ಟೇ ಎಚ್ಚರ ಬೇಕು. ನಮ್ಮ ಕಾಲ್ಪನಿಕ ಊರಿನಲ್ಲಿ ನೀರಿನ ವ್ಯವಸ್ಥೆ ಹತ್ತು ವರ್ಷ ಕೆಟ್ಟು ನಿಂತಿಲ್ಲವೆಂದರೆ ಅದಕ್ಕೆ ಭಕ್ತಿ ಕಾರಣವೋ, ಸಮಿತಿಯಲ್ಲಿ ಒಬ್ಬರು ನುರಿತ ಮೆಕ್ಯಾನಿಕ್ ಇದ್ದುದು ಕಾರಣವೋ ಎಂದು ಪರಿಶೀಲಕರು ಕೇಳಿಯೇ ಕೇಳುತ್ತಾರೆ. ಹೋಲಿಕೆಗೆ ಮತ್ತೊಂದು ಊರಿಲ್ಲದಿದ್ದರೆ ಆ ಮಿತಿಯನ್ನು ನೀವೇ ಮೊದಲು ಹೇಳಿ, ವಾದವನ್ನು ಅಷ್ಟಕ್ಕೆ ತಗ್ಗಿಸಿಕೊಳ್ಳುವುದು ಜಾಣತನ.

ಮನುಷ್ಯರನ್ನು ಒಳಗೊಂಡ ಸಂಶೋಧನೆಗೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಪಡೆದಿದ್ದರೆ ಅದರ ಸಂಖ್ಯೆ ಮತ್ತು ದಿನಾಂಕವನ್ನು ಕೊಡಬೇಕು. 1979ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಬೆಲ್‌ಮಾಂಟ್ ವರದಿಯು ಮುಂದಿಟ್ಟ ಮೂರು ತತ್ತ್ವಗಳು, ಅಂದರೆ ವ್ಯಕ್ತಿಗಳ ಬಗ್ಗೆ ಗೌರವ, ಅವರ ಹಿತ ಮತ್ತು ನ್ಯಾಯ, ಈಗಲೂ ಇಂಥ ಸಮಿತಿಗಳ ಪ್ರಶ್ನೆಗಳ ಹಿಂದೆ ಇವೆ. ಆದರೆ ಒಪ್ಪಿಗೆಪತ್ರಕ್ಕೆ ಸಹಿ ಬಿದ್ದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ಧಾರ್ಮಿಕ ಅಲ್ಪಸಂಖ್ಯಾತರು, ಮತಾಂತರಗೊಂಡವರು, ಸಮುದಾಯದೊಳಗೇ ಭಿನ್ನಮತ ಇಟ್ಟುಕೊಂಡವರು ಇವರ ಮಾತುಗಳು ಅಚ್ಚಾದ ಮೇಲೆ ಅವರನ್ನು ತೊಂದರೆಗೆ ಈಡುಮಾಡಬಹುದು. ಹೆಸರು ಬದಲಿಸಿದರೂ, ಸಮಿತಿಯ ಏಕೈಕ ಮಹಿಳಾ ಖಜಾಂಚಿ ಎಂದು ಬರೆದರೆ ಆ ಊರಿನವರಿಗೆ ಅವರು ಯಾರೆಂದು ತಕ್ಷಣ ಗೊತ್ತಾಗುತ್ತದೆ. ಹುದ್ದೆಯನ್ನು ಮಸುಕುಗೊಳಿಸಿ, ಸಮಿತಿಯ ಸದಸ್ಯರೊಬ್ಬರು ಎಂದರೆ ವಾದಕ್ಕೇನೂ ಕುಂದಾಗದು.

ಲೇಖಕರು ಆ ಧರ್ಮಕ್ಕೆ ಸೇರಿದವರೇ, ಹೊರಗಿನವರೇ, ಒಮ್ಮೆ ಸೇರಿದ್ದು ಈಗ ದೂರವಾದವರೇ ಎಂಬುದನ್ನು ತಿಳಿಸುವ ಸಣ್ಣ ಭಾಗವನ್ನು ಹಲವು ಪತ್ರಿಕೆಗಳು ನಿರೀಕ್ಷಿಸುತ್ತವೆ. ಇದು ಆತ್ಮಕಥೆಯಾಗಬಾರದು. ನಿಮ್ಮ ಸ್ಥಾನದಿಂದ ಯಾವ ಬಾಗಿಲು ತೆರೆಯಿತು, ಯಾವುದು ಮುಚ್ಚಿತು ಎಂಬುದನ್ನು ನಾಲ್ಕೈದು ವಾಕ್ಯಗಳಲ್ಲಿ ಹೇಳಿ ಮುಂದೆ ಸಾಗಬೇಕು.

ಐದನೆಯ ಹಂತ: ಕರಡು ಮತ್ತು ಸಾರಾಂಶ

ಲೇಖನದ ಒಡಲು ಹೇಗಿರಬೇಕೆಂಬುದು ಸಾಮಗ್ರಿಯನ್ನು ಅವಲಂಬಿಸಿದ್ದು. ಅಂಕಿಅಂಶ ಆಧಾರಿತ ಅಧ್ಯಯನಗಳು ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ಕ್ರಮದಲ್ಲಿ ಸಾಗುತ್ತವೆ. ಕ್ಷೇತ್ರಕಾರ್ಯ ಆಧಾರಿತ ಬರಹಗಳು ವಾದದ ನಡೆಗೆ ತಕ್ಕಂತೆ ಶೀರ್ಷಿಕೆಗಳನ್ನು ಕಟ್ಟಿಕೊಳ್ಳಬಹುದು. ಪೀಠಿಕೆಯ ಎರಡನೆಯ ಪುಟ ಮುಗಿಯುವುದರೊಳಗೆ ಪ್ರಶ್ನೆ, ಅದಕ್ಕೆ ನೀವು ಕೊಡುವ ಉತ್ತರ, ಆ ಉತ್ತರದಿಂದ ಈಗಿರುವ ಚರ್ಚೆಯಲ್ಲಿ ಏನು ಬದಲಾಗುತ್ತದೆ ಎಂಬ ಮೂರೂ ಬಂದಿರಬೇಕು. ಉತ್ತರವನ್ನು ಪತ್ತೇದಾರಿ ಕಥೆಯಂತೆ ಕೊನೆಯವರೆಗೆ ಬಚ್ಚಿಡುವುದು ಇಲ್ಲಿ ನಡೆಯುವುದಿಲ್ಲ.

ಸಾರಾಂಶಕ್ಕೆ 150ರಿಂದ 250 ಪದಗಳ ಮಿತಿ ಸಾಮಾನ್ಯ. ಅದನ್ನು ಕೊನೆಯಲ್ಲಿ ಬರೆಯಿರಿ, ಆದರೆ ಕೊನೆಯ ಗಳಿಗೆಯಲ್ಲಿ ಬೇಡ. ನಮ್ಮ ಕಾಲ್ಪನಿಕ ಅಧ್ಯಯನದ ಮೊದಲ ಸಾರಾಂಶ ಹೀಗಿದೆ ಎಂದುಕೊಳ್ಳೋಣ: “ಗ್ರಾಮೀಣಾಭಿವೃದ್ಧಿಯಲ್ಲಿ ಧಾರ್ಮಿಕ ಸಂಸ್ಥೆಗಳ ಪಾತ್ರ ಮಹತ್ವದ್ದಾಗಿದೆ. ಈ ಲೇಖನವು ಕುಡಿಯುವ ನೀರಿನ ಪೂರೈಕೆಯಲ್ಲಿ ಒಂದು ಧಾರ್ಮಿಕ ಸಂಸ್ಥೆಯ ಕೊಡುಗೆಯನ್ನು ಚರ್ಚಿಸುತ್ತದೆ ಹಾಗೂ ಧರ್ಮವು ಅಭಿವೃದ್ಧಿಗೆ ಪೂರಕವಾಗಬಲ್ಲದು ಎಂದು ಪ್ರತಿಪಾದಿಸುತ್ತದೆ.” ಇದರಲ್ಲಿ ತಪ್ಪಾದ ವಾಕ್ಯವೊಂದೂ ಇಲ್ಲ, ಆದರೆ ಇದೇ ಸಾರಾಂಶವನ್ನು ನೂರು ಲೇಖನಗಳಿಗೆ ಅಂಟಿಸಬಹುದು. ಅದನ್ನೇ ಹೀಗೆ ಬರೆದು ನೋಡಿರಿ: “ಪ್ರಾರ್ಥನಾ ಮಂದಿರದ ಸಮಿತಿಯೊಂದು ನಡೆಸುವ ನೀರು ಪೂರೈಕೆಯಲ್ಲಿ, ಬಡಕುಟುಂಬಗಳು ಕಟ್ಟದ ಶುಲ್ಕವು ಸಮಿತಿಯ ಪುಸ್ತಕದಲ್ಲಿ ದಾನವೆಂದೂ ದಾನಿ ಸಂಸ್ಥೆಗೆ ಹೋಗುವ ವರದಿಯಲ್ಲಿ ವಸೂಲಾಗದ ಬಾಕಿಯೆಂದೂ ದಾಖಲಾಗುತ್ತದೆ. ಲೆಕ್ಕದ ಪುಸ್ತಕಗಳು ಮತ್ತು ಸದಸ್ಯರ ಸಂದರ್ಶನಗಳ ಆಧಾರದಿಂದ, ಈ ಇಬ್ಬಗೆಯ ದಾಖಲೆಯು ಲೆಕ್ಕದ ಲೋಪವಲ್ಲ, ಯಾರು ಯಾರಿಗೆ ಋಣಿ ಎಂಬ ಬಗ್ಗೆ ಇರುವ ಎರಡು ತಿಳಿವಳಿಕೆಗಳನ್ನು ಏಕಕಾಲಕ್ಕೆ ನಿಭಾಯಿಸುವ ಉಪಾಯ ಎಂದು ಲೇಖನ ವಾದಿಸುತ್ತದೆ.” ಎರಡನೆಯದನ್ನು ಓದಿದ ಸಂಪಾದಕರಿಗೆ ಯಾವ ಪರಿಶೀಲಕರಿಗೆ ಕಳುಹಿಸಬೇಕೆಂಬುದೂ ಹೊಳೆಯುತ್ತದೆ.

ಕೀಲಿಪದಗಳು ಐದಾರು ಇರಲಿ. ಶೀರ್ಷಿಕೆಯಲ್ಲಿ ಈಗಾಗಲೇ ಇರುವ ಪದಗಳನ್ನೇ ಮತ್ತೆ ಕೊಡುವ ಬದಲು, ಓದುಗರು ಹುಡುಕಬಹುದಾದ ಬೇರೆ ಪದಗಳನ್ನು ಕೊಟ್ಟರೆ ಉಪಯೋಗ ಹೆಚ್ಚು.

ಆರನೆಯ ಹಂತ: ಉಲ್ಲೇಖಗಳು

ಲೇಖಕ-ವರ್ಷ ಪದ್ಧತಿಯೋ, ಅಡಿಟಿಪ್ಪಣಿ ಪದ್ಧತಿಯೋ ಎಂಬುದನ್ನು ಪತ್ರಿಕೆಯೇ ಹೇಳಿರುತ್ತದೆ. ಜೊಟೆರೊನಂಥ ಉಚಿತ ತಂತ್ರಾಂಶದಲ್ಲಿ ಆರಂಭದಿಂದಲೇ ಉಲ್ಲೇಖಗಳನ್ನು ಕೂಡಿಟ್ಟುಕೊಂಡರೆ, ಒಂದು ಪತ್ರಿಕೆ ತಿರಸ್ಕರಿಸಿ ಇನ್ನೊಂದಕ್ಕೆ ಕಳುಹಿಸುವಾಗ ಶೈಲಿ ಬದಲಿಸುವುದು ನಿಮಿಷದ ಕೆಲಸ. ಡಿಒಐ, ಅಂದರೆ ಪ್ರಕಟಿತ ಬರಹವನ್ನು ಜಾಲದಲ್ಲಿ ಶಾಶ್ವತವಾಗಿ ಗುರುತಿಸುವ ಸಂಖ್ಯೆ, ಇರುವ ಕಡೆಯೆಲ್ಲ ಅದನ್ನು ಸೇರಿಸಿರಿ.

ಈ ಕ್ಷೇತ್ರಕ್ಕೇ ವಿಶಿಷ್ಟವಾದ ಎರಡು ತೊಡಕುಗಳಿವೆ. ಪವಿತ್ರಗ್ರಂಥಗಳನ್ನು ಪುಟಸಂಖ್ಯೆಯಿಂದಲ್ಲ, ಅಧ್ಯಾಯ ಮತ್ತು ಶ್ಲೋಕ ಅಥವಾ ವಚನದ ಸಂಖ್ಯೆಯಿಂದ ಉಲ್ಲೇಖಿಸಬೇಕು, ಯಾವ ಅನುವಾದ ಎಂದೂ ತಿಳಿಸಬೇಕು. ಅನುವಾದ ನಿಮ್ಮದೇ ಆಗಿದ್ದರೆ ಹಾಗೆಂದು ಹೇಳಬೇಕು. ಸಂಸ್ಥೆಗಳ ವರದಿ, ಪ್ರವಚನದ ಧ್ವನಿಮುದ್ರಣ, ಕರಪತ್ರ ಮುಂತಾದವು ಎಲ್ಲಿಯೂ ಅಧಿಕೃತವಾಗಿ ಪ್ರಕಟವಾಗಿರುವುದಿಲ್ಲ. ಜಾಲತಾಣದಲ್ಲಿದ್ದ ವರದಿ ನಾಳೆ ಮಾಯವಾಗಬಹುದಾದ್ದರಿಂದ ಅದರ ಸಂಗ್ರಹಿತ ಪ್ರತಿಯೊಂದನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿಸಿ, ಆ ವಿಳಾಸವನ್ನೂ ನೋಡಿದ ದಿನಾಂಕವನ್ನೂ ಕೊಡಿರಿ. ಜೊತೆಗೆ, ಒಂದು ಸಂಸ್ಥೆ ತನ್ನ ವರದಿಯಲ್ಲಿ ತನ್ನ ಬಗ್ಗೆ ಹೇಳಿಕೊಂಡದ್ದನ್ನು ಸಾಧನೆಯ ಪುರಾವೆಯಾಗಿ ಬಳಸಬೇಡಿ; ಆ ಸಂಸ್ಥೆ ತನ್ನನ್ನು ಹೇಗೆ ಕಾಣಿಸಿಕೊಳ್ಳಬಯಸುತ್ತದೆ ಎಂಬುದಕ್ಕೆ ಮಾತ್ರ ಅದು ಪುರಾವೆ.

ಏಳನೆಯ ಹಂತ: ಲೇಖಕರ ಗುರುತು ಮರೆಸುವುದು

ಲೇಖಕರಿಗೂ ಪರಿಶೀಲಕರಿಗೂ ಪರಸ್ಪರ ಗುರುತು ತಿಳಿಯದ ಪರಿಶೀಲನೆ ಈ ವಿಷಯದ ಪತ್ರಿಕೆಗಳಲ್ಲಿ ಸಾಮಾನ್ಯವಾದ ಪದ್ಧತಿ. ಶೀರ್ಷಿಕೆ ಪುಟವನ್ನು ಬೇರೆ ಕಡತವಾಗಿ ಮಾಡಿ, ಕೃತಜ್ಞತೆ ಮತ್ತು ಅನುದಾನದ ವಿವರಗಳನ್ನು ಅಲ್ಲಿಗೆ ಸಾಗಿಸಿರಿ. ನನ್ನ ಹಿಂದಿನ ಲೇಖನದಲ್ಲಿ ತೋರಿಸಿದಂತೆ ಎಂಬ ವಾಕ್ಯವನ್ನು ಮೂರನೆಯವರ ಕೃತಿಯನ್ನು ಉಲ್ಲೇಖಿಸುವಂತೆ ಬದಲಿಸಿರಿ. ಕಡತದ ಹೆಸರಿನಲ್ಲಿ ನಿಮ್ಮ ಹೆಸರು ಬೇಡ. ವರ್ಡ್ ಕಡತದ ಗುಣವಿವರಗಳಲ್ಲಿ ಮತ್ತು ಅಂಚಿನ ಕಾಮೆಂಟ್‌ಗಳಲ್ಲಿ ಹೆಸರು ಅಡಗಿ ಕುಳಿತಿರುತ್ತದೆ. ನನ್ನ ಮೊದಲ ಸಲ್ಲಿಕೆಯೊಂದು, ಗೆಳೆಯರೊಬ್ಬರು ಅಂಚಿನಲ್ಲಿ ನನ್ನ ಹೆಸರು ಹಿಡಿದು ಬರೆದಿದ್ದ ಒಂದು ತಮಾಷೆಯ ಟಿಪ್ಪಣಿಯ ಸಮೇತ ಹೋಗಿತ್ತು. ಸಂಪಾದಕರು ಅದನ್ನು ಬಹಳ ಸೌಜನ್ಯದಿಂದಲೇ ಹಿಂದಿರುಗಿಸಿದರು.

ಎಂಟನೆಯ ಹಂತ: ಸಲ್ಲಿಕೆ

ಪ್ರಕಾಶಕರ ಜಾಲತಾಣದಲ್ಲಿ ಖಾತೆ ತೆರೆಯುವಾಗ ಆರ್ಕಿಡ್ ಎಂಬ, ಸಂಶೋಧಕರನ್ನು ಗುರುತಿಸುವ ಸಂಖ್ಯೆ ಕೇಳುವುದುಂಟು. 2012ರಿಂದ ಲಭ್ಯವಿರುವ ಈ 16 ಅಂಕಿಗಳ ಗುರುತು ಉಚಿತ, ಮತ್ತು ಒಂದೇ ಹೆಸರಿನ ಹಲವು ಲೇಖಕರಿರುವಾಗ, ಅಥವಾ ಹೆಸರಿನ ಇಂಗ್ಲಿಷ್ ಕಾಗುಣಿತ ಕಡತದಿಂದ ಕಡತಕ್ಕೆ ಬದಲಾಗುವಾಗ, ತುಂಬ ನೆರವಾಗುತ್ತದೆ. ಒಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಯಾರು ಏನು ಮಾಡಿದರು ಎಂಬುದನ್ನು ಕ್ರೆಡಿಟ್ ಎಂಬ 14 ಪಾತ್ರಗಳ ಪಟ್ಟಿಯಿಂದ ಆರಿಸಿ ತಿಳಿಸಬೇಕಾಗಬಹುದು. ಊರಿನಲ್ಲಿದ್ದು ತಿಂಗಳುಗಟ್ಟಲೆ ಸಂದರ್ಶನ ನಡೆಸಿ, ಅನುವಾದಿಸಿ, ಅರ್ಥೈಸಲು ನೆರವಾದ ಕ್ಷೇತ್ರ ಸಹಾಯಕರನ್ನು ಕೃತಜ್ಞತೆಯ ಸಾಲಿಗೆ ತಳ್ಳುವ ಮೊದಲು, ಅವರು ಸಹಲೇಖಕರಾಗಬೇಕಿತ್ತೇ ಎಂದು ಈಗಲಾದರೂ ಕೇಳಿಕೊಳ್ಳಿರಿ.

ಹಿತಾಸಕ್ತಿ ಸಂಘರ್ಷದ ಕಲಂನಲ್ಲಿ ಎಲ್ಲರೂ ಇಲ್ಲ ಎಂದು ಬರೆದುಬಿಡುತ್ತಾರೆ, ಏಕೆಂದರೆ ಅದು ಹಣಕ್ಕೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುತ್ತಾರೆ. ಅಧ್ಯಯನ ಮಾಡಿದ ಸಂಸ್ಥೆಯಲ್ಲಿ ನೀವು ಸಂಬಳಕ್ಕೋ ಸೇವೆಗೋ ಕೆಲಸ ಮಾಡಿದ್ದರೆ, ಅದರ ಆಡಳಿತ ಮಂಡಳಿಯಲ್ಲಿ ನಿಮ್ಮ ಮನೆಯವರಿದ್ದರೆ, ಅದು ನಿಮ್ಮ ಪ್ರಯಾಣದ ವೆಚ್ಚ ಭರಿಸಿದ್ದರೆ ಅದನ್ನು ತಿಳಿಸಬೇಕು. ತಿಳಿಸಿದ ಮಾತ್ರಕ್ಕೆ ಲೇಖನ ತಿರಸ್ಕೃತವಾಗುವುದಿಲ್ಲ. ಪ್ರಕಟವಾದ ಮೇಲೆ ಬೇರೆಯವರಿಂದ ತಿಳಿದರೆ ಹಿಂತೆಗೆದುಕೊಳ್ಳುವವರೆಗೂ ಹೋಗಬಹುದು. ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಬಳಸಿದ್ದರೆ ಎಲ್ಲಿ, ಯಾವುದಕ್ಕೆ ಎಂಬುದನ್ನೂ ಹೇಳಿರಿ. ಅಂಥ ಸಾಧನ ಲೇಖಕರಾಗಲಾರದು ಎಂದು ಕೋಪ್ 2023ರಲ್ಲಿ ಸ್ಪಷ್ಟಪಡಿಸಿದೆ, ಹೊಣೆ ಪೂರ್ತಿಯಾಗಿ ಲೇಖಕರದೇ.

ಸಂಪಾದಕರಿಗೆ ಬರೆಯುವ ಪತ್ರ ಅರ್ಧ ಪುಟ ಮೀರಬಾರದು. ಲೇಖನ ಏನನ್ನು ವಾದಿಸುತ್ತದೆ, ಈ ಪತ್ರಿಕೆಯ ಓದುಗರಿಗೆ ಅದೇಕೆ ಬೇಕು, ಬೇರೆಲ್ಲಿಯೂ ಪರಿಶೀಲನೆಯಲ್ಲಿಲ್ಲ ಎಂಬ ಮೂರು ಸಂಗತಿಗಳು ಸಾಕು. ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳುಹಿಸುವುದು ಯಾವ ಕಾರಣಕ್ಕೂ ಒಪ್ಪತಕ್ಕದ್ದಲ್ಲ.

ಒಂಬತ್ತನೆಯ ಹಂತ: ಪರಿಶೀಲಕರಿಗೆ ಉತ್ತರ

ಮೊದಲ ಸುತ್ತಿನಲ್ಲಿಯೇ ಲೇಖನ ಯಥಾವತ್ತಾಗಿ ಸ್ವೀಕೃತವಾಗುವುದು ಅಪರೂಪ. ದೊಡ್ಡ ತಿದ್ದುಪಡಿ ಬೇಕು ಎಂಬ ಪತ್ರ ಬಂದರೆ ಅದನ್ನು ಶುಭಸೂಚನೆಯಾಗಿಯೇ ತೆಗೆದುಕೊಳ್ಳಿರಿ, ಮತ್ತು ಅದನ್ನು ಎರಡು ದಿನ ಮುಟ್ಟಬೇಡಿ. ಬಳಿಕ ಪ್ರತಿಯೊಂದು ಟೀಕೆಯನ್ನೂ ನಕಲು ಮಾಡಿ, ಅದರ ಕೆಳಗೆ ನಿಮ್ಮ ಉತ್ತರವನ್ನೂ ಬದಲಾದ ಪುಟಸಂಖ್ಯೆಯನ್ನೂ ಬರೆಯಿರಿ.

ಈ ಕ್ಷೇತ್ರದಲ್ಲಿ ಒಬ್ಬ ಪರಿಶೀಲಕರು ಧರ್ಮಾಧ್ಯಯನದವರೂ ಇನ್ನೊಬ್ಬರು ಅಭಿವೃದ್ಧಿ ಅಧ್ಯಯನದವರೂ ಆಗಿರುವುದುಂಟು. ಆಗ ಬರುವ ಟೀಕೆಗಳು ಒಂದಕ್ಕೊಂದು ವಿರುದ್ಧವಾಗಿರುತ್ತವೆ. ಒಬ್ಬರು ದಾನದ ಪರಿಕಲ್ಪನೆಯನ್ನು ಇನ್ನಷ್ಟು ವಿಸ್ತರಿಸಿ ಎನ್ನುತ್ತಾರೆ, ಇನ್ನೊಬ್ಬರು ಅದನ್ನು ಕತ್ತರಿಸಿ ಶುಲ್ಕದ ಅಂಕಿಅಂಶ ಕೊಡಿ ಎನ್ನುತ್ತಾರೆ. ಇಬ್ಬರನ್ನೂ ಅರ್ಧರ್ಧ ಮೆಚ್ಚಿಸಲು ಹೋದರೆ ಲೇಖನದ ಬೆನ್ನೆಲುಬೇ ಮುರಿಯುತ್ತದೆ. ಇಂಥ ಉತ್ತರವನ್ನು ಬರೆಯಬಹುದು: “ಪರಿಶೀಲಕರಿಬ್ಬರ ಸಲಹೆಗಳು ಭಿನ್ನ ದಿಕ್ಕಿನಲ್ಲಿರುವುದರಿಂದ, ಲೇಖನದ ಕೇಂದ್ರ ಪ್ರಶ್ನೆಯಾದ ಇಬ್ಬಗೆಯ ದಾಖಲೆಯನ್ನು ಆಧಾರವಾಗಿಟ್ಟುಕೊಂಡು ನಿರ್ಧರಿಸಿದ್ದೇವೆ. ಶುಲ್ಕದ ಬಾಕಿಯ ಕೋಷ್ಟಕವನ್ನು 11ನೆಯ ಪುಟದಲ್ಲಿ ಸೇರಿಸಲಾಗಿದೆ. ದಾನದ ಚರ್ಚೆಯನ್ನು ವಿಸ್ತರಿಸಿಲ್ಲ, ಆದರೆ ಸಮಿತಿಯ ಸದಸ್ಯರು ಆ ಪದವನ್ನು ಬಳಸಿದ ಸಂದರ್ಭಗಳಿಗೆ ಸೀಮಿತಗೊಳಿಸಿ 8ನೆಯ ಪುಟದಲ್ಲಿ ಮರುಬರೆಯಲಾಗಿದೆ.” ಒಪ್ಪದಿರುವುದಕ್ಕೂ ಅವಕಾಶವಿದೆ, ಕಾರಣ ಕೊಡದೆ ಮೌನವಾಗಿ ದಾಟುವುದಕ್ಕೆ ಮಾತ್ರ ಇಲ್ಲ.

ಲೇಖನ ತಿರಸ್ಕೃತವಾದರೆ, ಪರಿಶೀಲಕರ ಟಿಪ್ಪಣಿಗಳಲ್ಲಿ ಸರಿಯೆನಿಸಿದ್ದನ್ನು ಅಳವಡಿಸಿಕೊಂಡೇ ಮುಂದಿನ ಪತ್ರಿಕೆಗೆ ಕಳುಹಿಸಿರಿ. ಪರಿಣತರ ಸಂಖ್ಯೆ ಕಡಿಮೆಯಿರುವ ಕ್ಷೇತ್ರವಿದು, ಅದೇ ಪರಿಶೀಲಕರ ಕೈಗೆ ಅದೇ ಲೇಖನ ಮತ್ತೆ ಹೋಗುವ ಸಂಭವ ಕಡಿಮೆಯೇನಲ್ಲ.

ಹತ್ತನೆಯ ಹಂತ: ಕರಡಚ್ಚು ಮತ್ತು ಪರವಾನಗಿ

ಸ್ವೀಕೃತವಾದ ಲೇಖನದ ಕರಡಚ್ಚು ಬಂದಾಗ ತಿದ್ದಲು ಕೆಲವೇ ದಿನಗಳ ಅವಕಾಶವಿರುತ್ತದೆ. ಈಗ ವಾದವನ್ನು ತಿದ್ದುವಂತಿಲ್ಲ. ಹೆಸರುಗಳು, ಲಿಪ್ಯಂತರದ ಚಿಹ್ನೆಗಳು, ಕೋಷ್ಟಕದ ಅಂಕಿಗಳು, ಶ್ಲೋಕಸಂಖ್ಯೆಗಳು, ಇವಿಷ್ಟನ್ನು ಮೂಲದೊಂದಿಗೆ ಒಂದೊಂದಾಗಿ ಹೋಲಿಸಿರಿ. ಅಕ್ಷರದ ಮೇಲಿನ ಅಡ್ಡಗೆರೆ, ಕೆಳಗಿನ ಚುಕ್ಕಿ ಬಿದ್ದುಹೋಗುವುದು ಈ ಹಂತದಲ್ಲೇ. ಮುಕ್ತ ಪ್ರವೇಶದಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಆರಿಸುವಂತೆ ಕೇಳಿದರೆ, ಲೇಖಕರ ಹೆಸರು ಹೇಳಿ ಯಾರಾದರೂ ಬಳಸಬಹುದಾದ ಸಿಸಿ ಬಿವೈಗೂ, ವಾಣಿಜ್ಯ ಬಳಕೆಯನ್ನೋ ಮಾರ್ಪಾಡನ್ನೋ ತಡೆಯುವ ಇತರ ಬಗೆಗಳಿಗೂ ಇರುವ ವ್ಯತ್ಯಾಸವನ್ನು ಓದಿ ಸಹಿ ಮಾಡಿರಿ. ಪವಿತ್ರವೆಂದು ಭಾವಿಸುವ ವಸ್ತುಗಳ ಅಥವಾ ಆಚರಣೆಗಳ ಛಾಯಾಚಿತ್ರ ಲೇಖನದಲ್ಲಿದ್ದರೆ ಈ ಆಯ್ಕೆಗೆ ಇನ್ನಷ್ಟು ತೂಕವಿದೆ, ಏಕೆಂದರೆ ಚಿತ್ರ ತೆಗೆಯಲು ಒಪ್ಪಿದ ಸಮುದಾಯ ಅದನ್ನು ಯಾರು ಬೇಕಾದರೂ ಮರುಬಳಕೆ ಮಾಡಲು ಒಪ್ಪಿರಲಾರದು. ಅಂಥ ಚಿತ್ರವನ್ನು ಪರವಾನಗಿಯಿಂದ ಹೊರಗಿಡುವಂತೆ ಚಿತ್ರದ ಕೆಳಗಿನ ಸಾಲಿನಲ್ಲಿ ಬರೆಯಿಸಬಹುದು, ಆದರೆ ಅದನ್ನು ಕರಡಚ್ಚು ಹಿಂದಿರುಗಿಸುವ ಮೊದಲೇ ಸಂಪಾದಕರಿಗೆ ತಿಳಿಸಬೇಕು.

ಪ್ರಕಟವಾದ ದಿನ ಇನ್ನೂ ಒಂದು ಕಡತ ಸಿದ್ಧವಿರಬೇಕು. ಲೇಖನದಲ್ಲಿ ಏನು ಬರೆಯಲಾಗಿದೆ ಎಂಬುದನ್ನು ಸಂದರ್ಶನ ಕೊಟ್ಟವರ ಭಾಷೆಯಲ್ಲಿ, ಎರಡು ಪುಟ ಮೀರದಂತೆ, ಪರಿಭಾಷೆ ಬಿಟ್ಟು ಬರೆದ ಪ್ರತಿ ಅದು. ಅದನ್ನು ಮುದ್ರಿಸಿ ಸಮಿತಿಯ ಸದಸ್ಯರಿಗೆ ಕೊಟ್ಟು, ಅವರು ಹೇಳುವ ತಿದ್ದುಪಡಿಗಳನ್ನು ಬರೆದುಕೊಂಡು ಬನ್ನಿರಿ.